ಗ್ರಿಮ್ಸ್‌ಬಿಯಲ್ಲಿ, ಅಂಗಡಿ ಮುಚ್ಚುವ ಮುನ್ನ

ಒಂಬತ್ತೂ ನಲವತ್ತು. ಹತ್ತಕ್ಕೆ ಬಾಗಿಲು.
ವ್ಯಾನಿನಲ್ಲಿ ಬಿಟ್ಟರೆ ಚಳಿಗೆ ಬಿರಿದೀತೆಂದು
ಘಟವನ್ನು ಸೊಂಟದ ಮೇಲಿಟ್ಟುಕೊಂಡೇ ಒಳಗೆ ಬಂದಿದ್ದೇನೆ,
ನೀರಿಗೆ ಬಂದವಳ ಹಾಗೆ.

ಎದುರು ರಸ್ತೆಯಲ್ಲಿ ಓರ್ಲಾ, ನಮ್ಮ ಬಾಸ್ ಗಿಟಾರಿನವಳು,
ಮೀನಂಗಡಿಯ ಸಾಲಿನಲ್ಲಿ ನಿಂತಿದ್ದಾಳೆ.
ಈ ಊರಿಗೆ ಬಂದು ಮೀನು ತಿನ್ನದೆ ಹೋದರೆ
ಸಮುದ್ರಕ್ಕೆ ಬೇಜಾರಾಗುತ್ತದಂತೆ.

ಹದಿಮೂರು ದಿನ, ಹನ್ನೊಂದು ಊರು.
ಮೊದಲ ನಾಲ್ಕು ಊರು ನಾನೂ ಸಿಕ್ಕಿದ್ದನ್ನೇ ತಿಂದೆ:
ಪೆಟ್ರೋಲ್ ಬಂಕಿನ ಪಫ್ಫು, ಗ್ರೀನ್‌ರೂಮಿನ ಬಿಸ್ಕತ್ತು,
ನಡುರಾತ್ರಿಯ ಪಿಜ್ಜಾ, ಅದರ ಒಣ ಅಂಚು ಬೆಳಿಗ್ಗೆಗೆ.
ಐದನೆಯದು ಡಾರ್ಲಿಂಗ್ಟನ್. ಅಲ್ಲಿ
ಘಟದ ಬಾಯನ್ನು ಹೊಟ್ಟೆಗೊತ್ತಿ ಗುಮಕಿ ತೆಗೆದರೆ
ಗುಂ ಎನ್ನಬೇಕಾದದ್ದು ಬುಸ್ ಎಂದಿತು.
ಕೂತವರಿಗೆ ತಿಳಿಯಲಿಲ್ಲ. ಡೆಸ್ಮಂಡ್ ಮಾತ್ರ
ಸ್ಯಾಕ್ಸಿನ ಹಿಂದಿನಿಂದ ತಿರುಗಿ ನೋಡಿದ,
ಒಂದು ಹುಬ್ಬಿನಷ್ಟು.

ಬೇರೆಯವರಿಗೆ ತಂತಿ, ಚರ್ಮ, ರೀಡು.
ನನಗೆ ನನ್ನ ಹೊಟ್ಟೆಯೇ ಅರ್ಧ ವಾದ್ಯ.
ಪಂಕಜಮ್ಮ ಟೀಚರು ಹೇಳುತ್ತಿದ್ದರು,
ಕಛೇರಿಗೆ ಮುಂಚೆ ಎರಡನೇ ಇಡ್ಲಿಗೆ ಕೈ ಚಾಚಿದಾಗ:
"ತುಂಬಿದ ಕೊಡ ತುಳುಕೋದಿಲ್ಲ, ನಿಜ.
ನುಡಿಯೋದೂ ಇಲ್ಲ ಕಣೇ."

ಹಾಗಾಗಿ ಮೊದಲು ಹಳದಿ ಚೀಟಿಯ ಮೂಲೆ.
ಪಾಲಕ್, ನಲವತ್ತು ಪೆನ್ಸ್. ಇವತ್ತೇ ಕೊನೆಯ ದಿನ ಎಂದಿದೆ.
ಈ ಊರಲ್ಲಿ ನನಗೂ ಅಷ್ಟೇ, ಬಾ.
ಡಬ್ಬಿಯ ಕಡಲೆಕಾಳು, ಮೂರು ನೀರಿಗೆ ತೊಳೆದರೆ ಉಪ್ಪಿಳಿಯುತ್ತದೆ.
ಒಂದು ಸೌತೆ. ಒಂದೇ ಒಂದು ನಿಂಬೆ, ಬಿಡಿಯಾಗಿ ಕೊಡುತ್ತಾರೆ, ಪುಣ್ಯ.
ಮೊಸರಿಗೆ ಹುಳಿಯೇ ಇಲ್ಲ, ಪಾಪ;
ನಾಳೆ ವ್ಯಾನಿನ ಹೀಟರಿನ ಪಕ್ಕ ಕೂರಿಸಿದರೆ ಬುದ್ಧಿ ಬರುತ್ತದೆ.
ಅಗಸೆ ಚಟ್ನಿಪುಡಿ ಜೇಬಿನಲ್ಲೇ ಇದೆ, ವಿಟಮಿನ್ ಶೀಶೆಯಲ್ಲಿ
(ಕಸ್ಟಮ್ಸಿನವನು ಮೂಸಿ ನಾಲ್ಕು ಸಲ ಸೀನಿದ್ದ).

ಹೋಟೆಲಿನಲ್ಲಿ ಇಸ್ತ್ರಿ ಹಲಗೆಯೇ ಊಟದ ಮಣೆ.
ಕೆಟಲ್ ಕುದಿಯಬೇಕು, ಕುಸ್‌ಕುಸ್ ಮೇಲೆ ನೀರು ಹೊಯ್ಯಬೇಕು,
ಸಾಸರು ಮುಚ್ಚಿ, ತೊಡೆಯ ಮೇಲೆ
ವಿಳಂಬದ ಆದಿತಾಳ, ಇಪ್ಪತ್ತು ಆವರ್ತ.
ಇಪ್ಪತ್ತೊಂದಾದರೆ ಮುದ್ದೆ.

ನಾವೇ ಲೆಕ್ಕ ಮಾಡಿಕೊಳ್ಳುವ ಯಂತ್ರದ ಮುಂದೆ
ಕೈ ಬಿಡುವಾಗಲೆಂದು ಘಟವನ್ನು ಪಕ್ಕದ ಕಟ್ಟೆಗಿಟ್ಟೆ.
ಕೆಂಪು ದೀಪ.
ಚೀಲದ ಜಾಗದಲ್ಲಿ ಅನಿರೀಕ್ಷಿತ ವಸ್ತು, ಎಂದಿತು ಹೆಣ್ಣುದನಿ.
ಮತ್ತೊಮ್ಮೆ ಎಂದಿತು.
ಈ ದೇಶದಲ್ಲಿ ನನ್ನ ಬಗ್ಗೆ ಇಷ್ಟು ಚುಟುಕಾಗಿ
ಯಾವ ಪತ್ರಿಕೆಯವರೂ ಬರೆದಿರಲಿಲ್ಲ.

ಕೊರಳಲ್ಲಿ ಕಾರ್ಡು ತೂಗುಬಿಟ್ಟ ಹೆಂಗಸು ಬಂದಳು,
ಎದೆಯ ಬಿಲ್ಲೆಯಲ್ಲಿ ಮೊರೀನ್.
"ಒಳಗೇನಿದೆ?"
"ಏನೂ ಇಲ್ಲ."
ಬಗ್ಗಿ ನೋಡಿದಳು. ಇರಲಿಲ್ಲ.
"ಇದರಲ್ಲೇ ಅಡುಗೆಯಾ?"
"ಇದು ದುಡಿಯುತ್ತೆ. ಅಡುಗೆ ಕೆಟಲ್ಲಿನದು."
ಮೊರೀನ್ ಉಗುರಿನಿಂದ ಒಮ್ಮೆ ಮೀಟಿದಳು,
ಕಲ್ಲಂಗಡಿ ಕೊಳ್ಳುವವರ ಹಾಗೆ.

ಠಣ್.

ಅರ್ಧ ದೀಪವಾರಿಸಿದ ಅಂಗಡಿಯಲ್ಲಿ
ಫ್ರಿಜ್ಜುಗಳ ಗೊರಕೆ ಒಂದು ಮಾತ್ರೆ ನಿಂತಂತಾಯಿತು.
ಆಮೇಲೆ ಕಾರ್ಡು ತೋರಿಸಿ ಯಂತ್ರದ ಬಾಯಿ ಮುಚ್ಚಿಸಿ,
"ಆ ಸೊಪ್ಪು ನಾಳೆಗೆ ಇಡಬೇಡ" ಎಂದಳು.
ಅಮ್ಮನ ದನಿಯಲ್ಲೇನೂ ಅಲ್ಲ. ಕೆಲಸದ ದನಿಯಲ್ಲೇ.

ಹೊರಗೆ ಹಾರ್ನು. ಓರ್ಲಾ ಕಿಟಕಿ ಇಳಿಸಿ
ಎಣ್ಣೆ ಕುಡಿದ ಕಾಗದದ ಪೊಟ್ಟಣ ಚಾಚಿದಳು.
ಬಿಸಿ ಆಲೂಗಡ್ಡೆ, ಮೇಲೆ ವಿನೆಗರಿನ ಘಾಟು.
ಒಂದು ತೆಗೆದುಕೊಂಡೆ.
ಇನ್ನೊಂದು.
ಘಟಕ್ಕೆ ಹೇಳಲಿಲ್ಲ.