ತೊಕ್ಕೊಟ್ಟು

ಕಂಕನಾಡಿಯ ಆಸ್ಪತ್ರೆ, ಎರಡನೇ ಮಾಳಿಗೆ,
ನನ್ನ ಮಾತಿನ ಕೋಣೆ.
ಬುಧವಾರ ಇಬ್ಬರು ಬರುತ್ತಾರೆ.
ಒಬ್ಬಳಿಗೆ ಏಳು, ಇನ್ನೊಬ್ಬರಿಗೆ ಅರವತ್ತೆರಡು.
ಗಾಯ ಇಬ್ಬರದೂ ಎಡಕ್ಕೇ,
ಮಾತು ಮನೆಮಾಡುವ ಕಡೆ.

ರಿಫಾನಾ ಬಿದ್ದದ್ದು ನಾಲ್ಕರಲ್ಲಿ, ಅಪ್ಪನ ಸ್ಕೂಟರಿನಿಂದ.
ಮೂರು ತಿಂಗಳು ಮೌನ. ಆಮೇಲೆ
ಜೂನಿನ ತೋಡಿನ ಹಾಗೆ
ಮನೆಯ ಬ್ಯಾರಿ, ಬೀದಿಯ ತುಳು, ಶಾಲೆಯ ಕನ್ನಡ
ಒಟ್ಟಿಗೇ ಬಂದವು, ಕೆಂಪು ನೀರು.
ಮಕ್ಕಳದ್ದು ಮೇಣ, ಒತ್ತಿದರೆ ಸರಿಯಾಗುತ್ತದೆ ಎಂದರು ಎಲ್ಲ.
ನಾನೂ ಎಂದಿದ್ದೆ.

ಈಗ ಎರಡನೇ ಕ್ಲಾಸು.
ಚಪ್ಪಲಿ ಅದಲುಬದಲು,
ಗಡಿಯಾರ ಬರೆದರೆ ಹನ್ನೆರಡೂ ಅಂಕೆ ಒಂದೇ ಮೂಲೆಗೆ.
ಬಾತ್‌ರೂಮಿಗೆ ಹೋದವಳು
ವಾಪಸು ಬರುವ ದಾರಿ ಕೇಳುತ್ತಾಳೆ,
ಅದನ್ನೂ ಎಷ್ಟು ಚಂದದ ವಾಕ್ಯದಲ್ಲಿ!
ಒಂಟಿ ಕೋಣೆಯ ಮನೆ:
ಮಾತು ಬಂದು ಬಲಗಡೆ ಚಾಪೆ ಹಾಸಿತು,
ಅಲ್ಲಿ ಮಲಗುತ್ತಿದ್ದ ಯಾರೋ
ಹೇಳದೆ ಕೇಳದೆ ಜಗಲಿಗೆ ಹೋದರು.

ದೂಮಪ್ಪಣ್ಣ ತಲಪಾಡಿ ಬಸ್ಸಿನ ಕಂಡಕ್ಟರ್, ಮೂವತ್ತೈದು ವರ್ಷ.
ಲೋಟ ತೋರಿಸಿದರೆ ಲೋಟ ಬರುವುದಿಲ್ಲ.
ಬೆವರುತ್ತಾರೆ. ಬಲಗೈ ಮಡಿಲಲ್ಲಿ,
ಯಾರೋ ಸೀಟಿನಲ್ಲಿ ಬಿಟ್ಟುಹೋದ ಚೀಲದ ಹಾಗೆ.
ಆದರೆ ಮೇಜು ತಟ್ಟಿ ಸ್ಟೇಟ್‌ಬ್ಯಾಂಕ್ ಅಂದರೆ ಸಾಕು,
ಹಂಪನಕಟ್ಟೆ ಜ್ಯೋತಿ ಬೆಂದೂರ್‌ವೆಲ್ ಕಂಕನಾಡಿ
ಪಂಪ್‌ವೆಲ್ ಜೆಪ್ಪಿನಮೊಗರು
ದುಂಬು ಪೋಲೆ ದುಂಬು ಪೋಲೆ
ಸಂಕ ದಾಟಿ ನಿಲ್ಲುವುದು ತೊಕ್ಕೊಟ್ಟಿನಲ್ಲೇ.
ನಡುವೆ ಕಂಕನಾಡಿಯಲ್ಲಿ ಇಳಿಸಲು ನೋಡಿದೆ.
ಆಗಲಿಲ್ಲ.

ಮಗುವಿನ ಮಿದುಳು ಹೊಸ ದಾರಿ ಕಡಿಯುತ್ತದೆ,
ಮುದಿ ಮಿದುಳು ಹಳೆಯದರಲ್ಲೇ ಸುತ್ತಿ ಬರುತ್ತದೆ
ಎಂದು ಡೈರಿಯಲ್ಲಿ ಬರೆದೆ.
ತುಂಬಾ ನೀಟಾಯಿತು ಅನ್ನಿಸಿ ಹೊಡೆದುಹಾಕಿದೆ.

ಕಳೆದ ವಾರ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.
ಇವರ ಹೆಸರೇನು, ಕೇಳಿದೆ.
ತುಟಿ ಉರುಟಾಯಿತು, ಬಿಟ್ಟಿತು,
ಮತ್ತೆ ಉರುಟಾಯಿತು.
ಆಮೇಲೆ, ಸ್ಪಷ್ಟವಾಗಿ:
"ತೊಕ್ಕೊಟ್ಟು."

ಗುಲಾಬಿಯಕ್ಕ ಓಗೊಟ್ಟರು.
ಮದುವೆಗೆ ಮೊದಲು, ಬೀಡಿಯ ಕಟ್ಟು ಕಂಕುಳಲ್ಲಿಟ್ಟು
ದಿನಾ ಅವರು ಇಳಿಯುತ್ತಿದ್ದ ಸ್ಟಾಪು.

ತನ್ನ ಸರದಿ ಮುಗಿದರೂ ಹೋಗದ ರಿಫಾನಾ ನಕ್ಕಳು:
"ಅಜ್ಜಾ, ಅದು ಊರಿನ ಹೆಸರು!
ಎಲ್ಲಿದೆ ಅಂತ ಮಾತ್ರ ನನಗೆ ಗೊತ್ತಿಲ್ಲ."
ಅಜ್ಜನ ಎಡಗೈ ಎದ್ದು
ಕಿಟಕಿಯಾಚೆ ತೆಂಕಣಕ್ಕೆ ತೋರಿಸಿತು,
ಒಂದಿಷ್ಟೂ ತಪ್ಪದೆ.

ನನ್ನ ಫಾರಮಿನಲ್ಲಿ 'ತಪ್ಪು ಪದ' ಎಂಬ ಕಾಲಮ್ಮಿದೆ.
ತುಂಬಿದೆ,
ಪೆನ್ಸಿಲಿನಲ್ಲಿ.