ಬಿಳಿ ಊರು, ಕರಿ ಊರು

ಚೀಟಿ ಎತ್ತಿದ ದುಡ್ಡಿಗೆ ಇಟಲಿ ಅಂದಾಗ
ಗುತ್ತಲು ರಸ್ತೆಯ ಅರ್ಧ ಜನ ನಕ್ಕರು.
ಇನ್ನರ್ಧದವರ ಬಟ್ಟೆ ನಮ್ಮ ಲಾಂಡ್ರಿಯಲ್ಲೇ ಇತ್ತು,
ಪಾಪ, ನಗಲಿಲ್ಲ.

ಮೈಸೂರಿನ ಟ್ರಾವೆಲ್ಸ್ ಹುಡುಗ ಫೋನಿನಲ್ಲಿ ಹೇಳಿದ:
ರೋಮು, ನೇಪಲ್ಸು ಎಲ್ಲರಿಗೂ ಒಂದೇ ಅಮ್ಮ,
ಕೊನೆಯ ಮೂರು ದಿನ ಮಾತ್ರ ನಿಮ್ಮಿಷ್ಟ.
ಓಸ್ತೂನಿಯೋ, ಕತಾನಿಯಾನೋ,
ಶನಿವಾರದೊಳಗೆ ತಿಳಿಸಿ.

ಇಸ್ತ್ರಿ ಮೇಜಿನ ಸುಟ್ಟ ಕಂಬಳಿಯ ಮೇಲೆ
ಎರಡು ಊರಿನ ಚಿತ್ರ ಹರಡಿದೆವು.

ಓಸ್ತೂನಿ ಗುಡ್ಡದ ಮೇಲೆ ಕೂತಿದೆ, ಪೂರಾ ಬಿಳಿ.
ಗೋಡೆ, ಮೆಟ್ಟಿಲು, ಗಲ್ಲಿಯ ಕಮಾನೂ ಬಿಳಿ.
ಗಂಡನ ಹೆಸರು ಹೇಳಬಾರದಂತೆ; ಬೋರ್ಡಿನ ಮೇಲೇ ಇದೆಯಲ್ಲ.
ಮಾಚಯ್ಯ ಕನ್ನಡಕ ಏರಿಸಿ ನೋಡಿದ,
ಯಾರದೋ ಮದುವೆ ಪಂಚೆಯನ್ನು
ಬೆಳಕಿಗೆ ಹಿಡಿದು ನೋಡುವ ಹಾಗೆ.
'ನೀಲಿ ಒಂಚೂರೂ ಜಾಸ್ತಿಯಾಗಿಲ್ಲ ನೋಡು,' ಅಂದ.
ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕತಾನಿಯಾ ಕಪ್ಪು.
ಬೆನ್ನಿಗೊಂದು ಬೆಂಕಿಬೆಟ್ಟ, ಎತ್ನಾ;
ಮುನಿಸಿಕೊಂಡ ದಿನ ಊರಿನ ಮೇಲೆ ಬೂದಿ ಉದುರಿಸುತ್ತದಂತೆ.
ಚಿತ್ರದ ಮೂಲೆಯಲ್ಲೊಂದು ಬಾಲ್ಕನಿ, ಹಗ್ಗ,
ಹಗ್ಗದ ಮೇಲೆ ಬಿಳಿ ದುಪ್ಪಟಿ.

ನನ್ನ ಕಣ್ಣು ಅಲ್ಲೇ ನಿಂತಿತು.

ನಾನು ಮಂಡ್ಯಕ್ಕೆ ಸೊಸೆಯಾಗಿ ಬಂದ ವರ್ಷ
ಸಕ್ಕರೆ ಕಾರ್ಖಾನೆಯ ಚಿಮಣಿ ಹಗಲೂ ರಾತ್ರಿ ಉಗುಳುತ್ತಿತ್ತು.
ಕಬ್ಬಿನ ಸಿಪ್ಪೆ ಸುಟ್ಟ ಮಸಿ, ನೊಣದ ರೆಕ್ಕೆಯಷ್ಟು ಹಗುರ,
ಡಾಕ್ಟರ ಕೋಟು, ಲಾಯರ ಕಾಲರು,
ಯಾವುದನ್ನೂ ಬಿಡದೆ ಕೂರುತ್ತಿತ್ತು.
ಮೊದಲ ದಿನ ಒದ್ದೆ ಕೈಯಲ್ಲಿ ಉಜ್ಜಿಬಿಟ್ಟೆ.
ಹನ್ನೊಂದು ಪಂಚೆ ಹಾಳು.
ಅತ್ತೆ ಬೈಯಲಿಲ್ಲ. ಒಂದರ ಅಂಚು ಹಿಡಿದು
ಫಟ್ಟನೆ ಝಾಡಿಸಿ ತೋರಿಸಿದಳು:
'ಮಸೀನ ಕೊಡವಬೇಕು ಕಣಮ್ಮಿ, ಉಜ್ಜಬಾರದು.'
ನನಗೆ ಯಾರಾದರೂ ಕೂರಿಸಿ ಕಲಿಸಿದ ವಿದ್ಯೆ ಅಂದರೆ ಅದೊಂದೇ.

ಆಮೇಲೆ ಚಿಮಣಿ ತಣ್ಣಗಾದ ವರ್ಷಗಳು ಬಂದವು.
ಬಟ್ಟೆ ಬೆಳ್ಳಗೇ ಒಣಗುತ್ತಿತ್ತು, ಖುಷಿಯಾಗಬೇಕಿತ್ತು.
ಕಾರ್ಖಾನೆಯವರ ಖಾಕಿ ಅಂಗಡಿಗೆ ಬರುವುದೂ ನಿಂತಿತು.
ಸಂಜೆ ಹಗ್ಗದ ಹತ್ತಿರ ಹೋದರೆ ಮಾತ್ರ
ಕೈ ತಾನಾಗಿ ಒಂದು ಸಲ ಕೊಡವುತ್ತಿತ್ತು,
ಏನೂ ಉದುರುತ್ತಿರಲಿಲ್ಲ.

'ಅಷ್ಟು ದುಡ್ಡು ಸುರಿದು ಮಸಿ ನೋಡೋಕೆ ಹೋಗೋದಾ?'
ಮಾಚಯ್ಯ ಕೇಳಿದ್ದು ನ್ಯಾಯವೇ.
'ಬಿಳುಪು ಮೂವತ್ತು ವರ್ಷ ನೋಡಿದೀವಿ,' ಅಂದೆ.
'ಆ ದುಪ್ಪಟಿ ಹೆಂಗಸು ಏನು ಮಾಡ್ತಾಳೆ ನೋಡಬೇಕು ನಂಗೆ.
ಒದ್ದೆ ಕೈ ಹಾಕೋಕೆ ಹೋದರೆ
ಕೆಳಗಿಂದಲೇ ಕೂಗಬೇಕು.'
'ಯಾವ ಭಾಷೇಲಿ?'

ಮೇಜಿನ ಮೇಲಿದ್ದ ಟವೆಲು ತೆಗೆದು ಝಾಡಿಸಿದೆ.
ಧೂಳು ಅವನ ಕನ್ನಡಕದ ಮೇಲೆ ಬಿತ್ತು.

ಶನಿವಾರ ಫೋನು ಮಾಡಿದವನು ಅವನೇ.
ಆಮೇಲೆ ನನ್ನ ಕಡೆ ನೋಡದೆ
ಇದ್ದುದರಲ್ಲಿ ಬೆಳ್ಳಗಿನ ಶರ್ಟು ಎರಡು ಬೇರೆ ಎತ್ತಿಟ್ಟ.
ಅದ್ಯಾಕೆ, ಅಂದೆ.
'ಬೂದಿ ಬಿದ್ರೆ ಕಾಣ್ಬೇಕಲ್ಲ.'