ಆರು ಲೀಟರು, ಮೇಲೊಂದು ಲೋಟ

ಅರೌಸಾ ಕೊಲ್ಲಿಯಲ್ಲಿ ನೀರು ಪೂರ್ತಿ ಇಳಿಯಲು
ಇನ್ನೂ ಎರಡು ಗಂಟೆ.
ಕಟ್ಟೆಗೆ ಒರಗಿದ ಒಟಿಲಿಯಾ
ಮಡಿಲಲ್ಲಿ ಕೈಚೀಲ ಇಟ್ಟುಕೊಂಡು
ಡಾಕ್ಟರ ಬಾಗಿಲಲ್ಲಿ ಕೂತ ಹೆಂಗಸಿನ ಹಾಗೆ
ಸರದಿ ಕಾಯುತ್ತಿದೆ.

ಬ್ರೆಡ್ಡಿನಂಗಡಿಯ ರಸೀದಿಯ ಬೆನ್ನ ಮೇಲೆ ನನ್ನ ಲೆಕ್ಕ:
ನೀರ್ಗೆರೆಯ ಉದ್ದ ಎಂಟು ಮೀಟರು,
ಅಗಲ ಎರಡೂ ಮುಕ್ಕಾಲು, ಆಳ ಒಂದೂ ಕಾಲು.
ಅಗಲಕ್ಕೆ ಆಳ ಕೂಡಿಸು, ಉದ್ದದಿಂದ ಗುಣಿಸು,
ಮೂವತ್ತೆರಡು ಚದರ.
ದೋಣಿ ಪೆಟ್ಟಿಗೆಯಲ್ಲವಲ್ಲ, ಹೊಟ್ಟೆಯಿದೆ, ಸೊಂಟವಿದೆ,
ಕಾಲು ಭಾಗ ಕಳೆ. ಇಪ್ಪತ್ತನಾಲ್ಕು.
ಲೀಟರಿಗೆ ಹತ್ತು ಚದರ ಎನ್ನುತ್ತದೆ ಡಬ್ಬಿ;
ಡಬ್ಬಿಯ ಮಾತು ಹೆಣ್ಣು ಕೇಳಲು ಬಂದವರ ಮಾತು,
ಎಂಟೆಂದು ಹಿಡಿ. ಎರಡು ಕೈ ಬಳಿಯಬೇಕು.

"ಆರು ಲೀಟರು," ಎಂದೆ.
ಹಗ್ಗದ ಗೂಟದ ಮೇಲೆ ಕೂತ ಎಲಾದಿಯೊ ಮಾವ
ಮಂಡಿ ನೀವಿಕೊಂಡರು.
"ಆರು ಲೀಟರು, ಮೇಲೊಂದು ಲೋಟ."
"ಲೋಟ ಯಾಕೆ?"
"ಇಪ್ಪತ್ತಾರು ವರ್ಷ ಅಷ್ಟೇ ತಂದಿದ್ದೇನೆ."

ನೀರು ಇಳಿಯಿತು. ಹೊಟ್ಟೆ ಕಾಣಿಸಿತು:
ಹಸಿರು ಗಡ್ಡ, ಸಿಡುಬಿನಂಥ ಬಿಳಿ ಚಿಪ್ಪು,
ಚುಕ್ಕಾಣಿಯ ಸಂದಿಯಲ್ಲಿ ಬಿಡಾರ ಹೂಡಿದ ಏಳು ಪಚ್ಚಿಲೆ.
ಕೆರೆದೆವು. ಹಳೆ ಬಣ್ಣ ಪದರ ಪದರವಾಗಿ ಎದ್ದಿತು,
ಕೆಂಪು, ಅದರಡಿ ನೀಲಿ, ಅದರಡಿ
ಯಾವುದೋ ವರ್ಷ ಅಗ್ಗಕ್ಕೆ ಸಿಕ್ಕ ಕಂದು.
ಬಾಯಿ ಮುಚ್ಚಿಕೊಂಡಿದ್ದರೂ ನಾಲಿಗೆಗೆ ತಾಮ್ರದ ಒಗರು.
ದೋಣಿ ಭಾರ ಊರಿ ನಿಂತ ಬೆನ್ನೆಲುಬಿನ ಅಡಿಗೆ
ಕುಂಚ ಹೋಗುವುದಿಲ್ಲ. ಅಲ್ಲಿಯ ಅಂಗೈಯಗಲ
ನನ್ನ ಲೆಕ್ಕದಲ್ಲೂ ಇಲ್ಲ, ಮಾವನ ಲೆಕ್ಕದಲ್ಲೂ ಇಲ್ಲ;
ಮರ ಕೊರೆಯುವ ಹುಳದ ಲೆಕ್ಕದಲ್ಲಿ ಇದ್ದೀತು.

ಮೇಲೆ, ನೀರ್ಗೆರೆಯ ಹತ್ತಿರ, ನನ್ನ ಕೈ ನಿಂತಿತು.
ಪಾಚಿ ಮುಗಿದಲ್ಲಿಂದ ಕೆಂಪು ಮುಗಿಯುವವರೆಗೆ
ಎರಡು ಬೆರಳು. ದೋಣಿಯ ಸುತ್ತಲೂ ಎರಡೇ ಬೆರಳು,
ಚೊಕ್ಕ, ಒಣ, ಹೆಸರಿಗೂ ಒಂದು ಚಿಪ್ಪಿಲ್ಲ.
ಹೋದ ಚಳಿಗಾಲ
ಬಲೆ ಎಳೆಯುವ ಕಬ್ಬಿಣದ ರಾಟೆ ವೀಗೊದ ಗುಜರಿಗೆ ಹೋಯಿತು,
ಅದರ ಹಿಂದೆಯೇ ಹಳೆ ಎಂಜಿನ್ನು, ಎರಡು ಸುರುಳಿ ಸರಪಳಿ.
ಲಾರಿಯವನು ತೂಗಿದ, ಮಾವ ಆಚೆ ನೋಡುತ್ತಿದ್ದರು.
ಅಂದಿನಿಂದ ದೋಣಿ ಎದ್ದು ನಿಂತಿದೆ.
ಹದಿನೆಂಟು ಮೀಟರು ಸುತ್ತು, ಎರಡು ಬೆರಳಗಲ, ಎರಡು ಕೈ.
ರಸೀದಿಯಲ್ಲಿ ಜಾಗವಿರಲಿಲ್ಲ, ಅಂಗೈ ಮೇಲೆ ಗುಣಿಸಿದೆ.
ಸರಿಯಾಗಿ ಒಂದು ಲೋಟ.

ಹೇಳಬೇಕೆಂದಿದ್ದೆ.
ಅಷ್ಟರಲ್ಲಿ ಅವರು ಮೀನಿನ ಪೆಟ್ಟಿಗೆ ಎಳೆದುಕೊಂಡು ಹತ್ತಿ,
ಆ ಮಂಡಿಯಲ್ಲೇ,
ರೋಲರ್ ಬೇಡವೆಂದು ಸಣ್ಣ ಕುಂಚ ಕೇಳಿದರು.

ಸಂಜೆ ಭರತ ಬಂತು.
ದೋಣಿ ಒಮ್ಮೆ ನರಳಿತು, ಅಲ್ಲಾಡಿತು, ತೇಲಿತು.
ನೀರಿನ ಮೇಲೆ ಎರಡು ಬೆರಳು ಹೊಸ ಕೆಂಪು,
ಲಂಗದಿಂದ ಇಣುಕುವ ಒಳಲಂಗದ ಹಾಗೆ,
ಇಡೀ ಬಂದರಿಗೆ ಕಾಣುವಂತೆ.
ಪಚ್ಚಿಲೆ ತೆಪ್ಪದಿಂದ ಮರಳುತ್ತಿದ್ದ ಮರೂಶಾ ಕೂಗಿದಳು:
"ಎಲಾದಿಯೊ, ಅದು ಯಾರಿಗೆ ಬಿಟ್ಟ ಜಾಗ?"
ಅವರು ಕುಂಚ ಒರೆಸುತ್ತಲೇ ಇದ್ದರು.
"ಮೀನಿಗೆ," ಎಂದರು.